ಹಳೇ ಟ್ರಕ್ಕಿನ ಕೂಲೆಂಟ್ ಟ್ಯಾಂಕ್: ಕಣ್ಣಿಗೆ ಬೀಳದ ಸೋರಿಕೆ

ವಾರಕ್ಕೊಮ್ಮೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿಸುವುದೇ ಕೆಲಸವಾಗಿತ್ತು. ಹಳೇ ಟ್ರಕ್, ಹೋಸ್ ಕ್ಲಿಪ್ (ಪೈಪ್ ಬಿಗಿಹಿಡಿಯುವ ಪಟ್ಟಿ) ಸಡಿಲವಾಗಿರಬೇಕು ಅಂದುಕೊಂಡು ಎರಡು ಕ್ಲಿಪ್ ಬದಲಿಸಿದೆ. ಸುಮ್ನೆ ದುಡ್ಡು ದಂಡ. ನೆಲದ ಮೇಲೆ ಒಂದು ಹನಿಯೂ ಇರುತ್ತಿರಲಿಲ್ಲ, ತಲೆ ಕೆಡಿಸಿದ್ದೇ ಅದು.

ಒಂದು ದಿನ ಗಾಡಿ ಓಡಿಸಿ ಬಂದ ತಕ್ಷಣ ಟಾರ್ಚ್ ಹಿಡಿದು ನೋಡಿದೆ. ಟ್ಯಾಂಕಿನ ಎರಡು ಭಾಗ ಕೂಡುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು! ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಜಿನುಗುತ್ತಿತ್ತು. ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆರಿ, ಬರೀ ಕಲೆ ಉಳಿಯುತ್ತಿತ್ತು. ತಣ್ಣಗಿದ್ದಾಗ ಹುಡುಕಿದರೆ ಸಿಗುವುದು ಹೇಗೆ?

ಮೊದಲು ಎಪಾಕ್ಸಿ ಅಂಟು ಹಚ್ಚಿದೆ. ನಾಲ್ಕೇ ದಿನಕ್ಕೆ ಕಿತ್ತು ಬಂತು. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಬಾಯಿ ಬಿಡುತ್ತದೆ.

ಹೊಸ ಟ್ಯಾಂಕ್ ಕೂರಿಸುವುದು ಕಷ್ಟವೇನಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಮುಖಕ್ಕೇ ಚಿಮ್ಮುತ್ತದೆ. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿದೆ. (ಬಕೆಟ್ ಮುಚ್ಚಿಡಿ, ನಾಯಿ ಬೆಕ್ಕು ನೆಕ್ಕಿದರೆ ವಿಷ.) ಅಂಟಿಕೊಂಡಿದ್ದ ಹೋಸನ್ನು ಎಳೆಯದೆ, ತಿರುಚಿ ಬಿಡಿಸಿದೆ. ಮುಚ್ಚಳವನ್ನೂ ಹೊಸದೇ ಹಾಕಿದೆ, ಒತ್ತಡ ಹಿಡಿಯುವುದು ಅದೇ ಅಲ್ವಾ.

ಜಾಸ್ತಿ ಹೊತ್ತು ಹಿಡಿದದ್ದು ಒಳಗಿನ ಗಾಳಿ ತೆಗೆಯುವುದಕ್ಕೆ. ಕೂಲೆಂಟ್, ಡಿಸ್ಟಿಲ್ಡ್ ನೀರು 50:50 ಬೆರೆಸಿ ತುಂಬಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟಿಗೆ ದಾರಿ ಬಿಡುವ ಕವಾಟ) ತೆರೆಯುವ ತನಕ ಎಂಜಿನ್ ಓಡಲು ಬಿಟ್ಟೆ. ತಣ್ಣಗಾದಾಗ ಮಟ್ಟ ಇಳಿದಿತ್ತು, ಮತ್ತೆ ತುಂಬಿಸಿದೆ. ಈಗ ಎರಡು ತಿಂಗಳಾಯಿತು, ಕೂಲೆಂಟ್ ಟ್ಯಾಂಕಿನ ಗೆರೆ ಬಿಟ್ಟು ಕೆಳಗಿಳಿದಿಲ್ಲ.