ವೇಲಾಂಕಣಿಗೆ ಗಾಡಿ ಮಾಡುವ ಮುನ್ನ ಡ್ರೈವರ್ ನಿದ್ದೆ ವಿಚಾರಿಸಿ

ಆಗಸ್ಟ್ ಬಂತೆಂದರೆ ಬಳ್ಳಾರಿ, ರಾಯಚೂರು ಕಡೆಯ ಚರ್ಚ್‌ಗಳಲ್ಲಿ ತಮಿಳುನಾಡಿನ ವೇಲಾಂಕಣಿ ಮಾತೆಯ ಯಾತ್ರೆಗೆ ಹೆಸರು ಬರೆಸುವುದು ಶುರು. 29ಕ್ಕೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಹಬ್ಬ. ಗಾಡಿ ಗೊತ್ತುಮಾಡುವವರು ಕಿಲೋಮೀಟರಿಗೆ ಎಷ್ಟು ಅಂತ ಚೌಕಾಸಿ ಮಾಡಿದ್ದೇ ಮಾಡಿದ್ದು. ಓಡಿಸುವವರು ಯಾರು ಅಂತ ಮಾತ್ರ ಕೇಳುವುದಿಲ್ಲ.

ಮೊದಲು ನಂಬರ್ ಬೋರ್ಡ್ ನೋಡಿ. ಹಳದಿಯೇ ಇರಬೇಕು. ಸಭೆಯವರೊಬ್ಬರ ಬಿಳಿ ಬೋರ್ಡ್ ಕ್ರೂಸರ್ ಅಗ್ಗ, ನಿಜ. ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಪಕ್ಕದ ಹಳ್ಳಿಯ ಕೂಟಕ್ಕೆ ತಾನೇ ಅಂತ ಕ್ವಾಯರ್ ಮಕ್ಕಳನ್ನು ಟಾಟಾ ಏಸ್ ಹಿಂದೆ ನಿಲ್ಲಿಸುವುದಂತೂ ಬೇಡವೇ ಬೇಡ.

ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪ್‌ಗೆ ಹಾಕಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತು ವಿಮೆಯ ತಾರೀಖು ನೋಡಿ. ಟೈರ್ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮುಂದಿನ ಚಕ್ರಕ್ಕೆ ರಿಸೋಲ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು) ಹಾಕಿದ್ದರೆ ಬೇರೆ ಗಾಡಿ ಹುಡುಕಿ.

ಈಗ ಡ್ರೈವರ್. ಎಡವುವುದು ಇಲ್ಲೇ. ಸೀಜನ್‌ನಲ್ಲಿ ಬೆಳಿಗ್ಗೆ ಒಂದು ಟ್ರಿಪ್ ಇಳಿಸಿ, ಗಾಡಿ ತೊಳೆದು, ಸಂಜೆಗೆ ನಿಮ್ಮ ಚರ್ಚ್ ಮುಂದೆ ಬಂದು ನಿಲ್ಲುತ್ತಾರೆ. 'ಗಾಡಿ ಕಂಡೀಶನ್ ಇದೆಯಾ?' ಅಂದರೆ 'ಇದೆ' ಅಂತಲೇ ಹೇಳುತ್ತಾರೆ. 'ಅಣ್ಣಾ, ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?' ಅಂತ ಕೇಳಿ. ಉತ್ತರ ತಡವರಿಸಿದರೆ ಹೊರಡುವುದನ್ನು ಬೆಳಿಗ್ಗೆಗೆ ಹಾಕಿ. ಫಾದರ್ ಆಶೀರ್ವಾದ ಕೊಟ್ಟಾಯ್ತು, ಎಲ್ಲರೂ ಸೀಟಲ್ಲಿ ಕೂತಾಯ್ತು ಅನ್ನೋ ಮುಲಾಜು ಬೇಡ. ಕಾನೂನಿನ ಪ್ರಕಾರ ಡ್ರೈವರ್‌ಗೆ ದಿನಕ್ಕೆ 8 ಗಂಟೆ ಕೆಲಸ. ವೇಲಾಂಕಣಿ ಅಷ್ಟರಲ್ಲಿ ಮುಟ್ಟುವ ದೂರವಲ್ಲ. ಹಾಗಾಗಿ ಇಬ್ಬರು ಡ್ರೈವರ್ ಬೇಕು. 'ಕ್ಲೀನರ್‌ಗೂ ಓಡಿಸೋಕೆ ಬರುತ್ತೆ' ಅನ್ನುವ ಮಾತು ನಂಬಬೇಡಿ, ಲೈಸೆನ್ಸ್ ಕೇಳಿ. ರಾತ್ರಿ 2ರಿಂದ 5ರವರೆಗೆ ಗಾಡಿ ನಿಲ್ಲಲಿ.

ಅಲ್ಲಿ ಮುಟ್ಟಿದ ಮೇಲೆ ಎಲ್ಲರಿಗೂ ರೂಮು, ಡ್ರೈವರ್‌ಗೆ ಮಾತ್ರ ಸೊಳ್ಳೆ ತುಂಬಿದ ಗಾಡಿ. ಇದು ಯಾವ ಸೀಮೆ ನ್ಯಾಯ? ವಾಪಸ್ ನಿಮ್ಮನ್ನು ಕರೆತರುವವರೂ ಅವರೇ ಅಲ್ವಾ? ಅವರಿಗೂ ಒಂದು ಮಂಚ ಬುಕ್ ಮಾಡಿ. ಮಧ್ಯಾಹ್ನ 'ಸುಮ್ನೆ ನಾಗಪಟ್ಟಣಂ ನೋಡಿ ಬರೋಣ' ಅಂತ ಎಬ್ಬಿಸಬೇಡಿ.

ಕಿವಿಗೆ ಸಿಕ್ಕಿಸುವ ನಿದ್ದೆ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ದುಡ್ಡು ದಂಡ. ಅದು ಕೂಗುವುದು ತಲೆ ವಾಲಿದ ಮೇಲೆ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ತೋರಣಗಲ್ಲು ಕಡೆ ಲೈಟಿಲ್ಲದೆ ನಿಂತ ಅದಿರು ಲಾರಿಗೆ ಗುದ್ದಲು ಅಷ್ಟೇ ಸಾಕು.

ಗ್ಯಾಸ್ ಸಿಲಿಂಡರ್ ಒಯ್ಯಬೇಡಿ. 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ಯಾತ್ರಿಕರ ರೈಲು ಬೋಗಿ ಹೊತ್ತಿ 9 ಮಂದಿ ಸತ್ತಿದ್ದು ಹಾಗೆ ಒಯ್ದ ಸಿಲಿಂಡರ್‌ನಿಂದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಹೆಸರಿನ ಪಟ್ಟಿಯ ಒಂದು ಪ್ರತಿ ಊರಲ್ಲೇ ಇರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಫೋನ್ ಮಾಡಿ.