ಶೇಂಗಾ ಬುಡಕೊಳೆಗೆ ಟ್ರೈಕೋಡರ್ಮಾ: ನನ್ನ ಅನುಭವ

ಶೇಂಗಾ ಗಿಡಗಳು ಮಣ್ಣಿಗೆ ಸೂಜಿ (ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಇಳಿಸುವ ಹೊತ್ತಿನಲ್ಲಿ ಅಲ್ಲಲ್ಲಿ ಒಂದೊಂದು ರೆಂಬೆ ಬಾಡಿ ಬಾಗಿದ್ದು ಕಂಡರೆ ನಾನು ಮೊದಲು ಬುಡದ ಎಲೆಗಳನ್ನು ಸರಿಸಿ ನೋಡುತ್ತೇನೆ. ಅಲ್ಲಿ ಹತ್ತಿಯ ಎಳೆಯಂತಹ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆ ಕಾಳಿನಷ್ಟು ಗಾತ್ರದ ಕಂದು ಗುಂಡುಗಳು ಇದ್ದರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರ ತರುವ ಬುಡಕೊಳೆ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆಯಾದ್ದರಿಂದ, ಗಿಡ ಬಾಡಿದ ಮೇಲೆ ಔಷಧಿ ಸುರಿದು ಹೊಲವನ್ನು ಶುದ್ಧಗೊಳಿಸಲಾಗದು ಎಂಬುದು ಮನವರಿಕೆಯಾಗಲು ನನಗೆ ಎರಡು ಬೆಳೆ ಬೇಕಾಯಿತು.

ಇಂಥ ರೋಗಕಾರಕ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾವನ್ನು ಮೊದಲ ಸಲ ಬಳಸಿದಾಗ ತಪ್ಪು ನನ್ನದೇ ಆಗಿತ್ತು. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಲೇಪಿಸಿದ್ದ ಬೀಜಕ್ಕೇ ಅದನ್ನೂ ಬೆರೆಸಿ ಬಿಸಿಲಿಗೆ ಹರಡಿದ್ದೆ. ಟ್ರೈಕೋಡರ್ಮಾ ಸಹ ಶಿಲೀಂಧ್ರವೇ. ಶಿಲೀಂಧ್ರನಾಶಕ ಅದನ್ನು ಉಳಿಸುವುದಿಲ್ಲ, ಸುಡುಬಿಸಿಲೂ ಉಳಿಸುವುದಿಲ್ಲ.

ಈಗ ಬಿತ್ತನೆಗೆ 15 ದಿನ ಮೊದಲೇ, ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ ನೆರಳಿನಲ್ಲಿ ಗುಡ್ಡೆ ಹಾಕುತ್ತೇನೆ. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಆದರೆ ನೀರು ಜಿನುಗಬಾರದು. ಅಷ್ಟು ಹದ ಕಾಯ್ದುಕೊಂಡು ಒದ್ದೆ ಗೋಣಿಚೀಲ ಹೊದಿಸಿ, ವಾರಕ್ಕೊಮ್ಮೆ ತಿರುವಿ ಹಾಕಿದರೆ ಗೊಬ್ಬರದ ಮೇಲೆ ಹಸಿರು ಬಣ್ಣದ ಬೆಳವಣಿಗೆ ಕಾಣಿಸಿಕೊಳ್ಳುತ್ತದೆ. ಇಷ್ಟು ಮುಂಚಿತವಾಗಿ ಬೆಳೆಸುವುದಕ್ಕೆ ಕಾರಣವಿದೆ: ಟ್ರೈಕೋಡರ್ಮಾ ರೋಗಕಾರಕದ ಎಳೆಗಳಿಗೆ ಸುತ್ತಿಕೊಂಡು, ಅದರ ಕೋಶಭಿತ್ತಿಯನ್ನು ಕಿಣ್ವಗಳಿಂದ ಕರಗಿಸಿ ಅದನ್ನೇ ಆಹಾರವಾಗಿಸಿಕೊಳ್ಳುತ್ತದೆ, ಬೇರಿನ ಸುತ್ತಲಿನ ಜಾಗವನ್ನೂ ಆಕ್ರಮಿಸುತ್ತದೆ, ಬೇರು ಇಳಿಯುವ ಮೊದಲೇ ಅದು ಮಣ್ಣಿನಲ್ಲಿ ನೆಲೆಯೂರಿದ್ದರೆ ಮಾತ್ರ ಈ ಕೆಲಸ ಪೂರ್ತಿಯಾಗಿ ನಡೆಯುತ್ತದೆ. ಈ ಗೊಬ್ಬರವನ್ನು ತೇವವಿರುವ ಸಾಲುಗಳಿಗೇ ಹಾಕುತ್ತೇನೆ. ಒಣ ಮಣ್ಣಿಗೆ ಚೆಲ್ಲಿದರೆ ವ್ಯರ್ಥ.

ಮೊಳಕೆಯ ಹಂತದಲ್ಲಿ ಕಾಡುವ ಕಪ್ಪು ಬೂಷ್ಟಿನ ಕತ್ತುಕೊಳೆಗಾಗಿ ಬೀಜಕ್ಕೂ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಪುಡಿ ಲೇಪಿಸುತ್ತೇನೆ. ಶೇಂಗಾ ಬೀಜದ ಸಿಪ್ಪೆ ಬಹಳ ನಾಜೂಕು, ಕೈಯಿಂದ ಉಜ್ಜಿದರೆ ಸುಲಿದು ಬೇಳೆ ಇಬ್ಭಾಗವಾಗುತ್ತದೆ. ಆದ್ದರಿಂದ ಬೀಜವನ್ನು ಗೋಣಿತಾಟಿನ ಮೇಲೆ ಹರಡಿ, ತಣ್ಣಗಾದ ಬೆಲ್ಲದ ನೀರನ್ನು ತೆಳುವಾಗಿ ಚಿಮುಕಿಸಿ, ಪುಡಿ ಉದುರಿಸಿ, ತಾಟಿನ ಎರಡು ತುದಿಗಳನ್ನು ಇಬ್ಬರು ಹಿಡಿದು ನಿಧಾನವಾಗಿ ಹೊರಳಾಡಿಸುತ್ತೇವೆ. ಗಿಡಕ್ಕೆ ಗಾಳಿಯ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾದ ಲೇಪನವನ್ನು ಕೊನೆಗೆ ಮಾಡಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತುತ್ತೇವೆ.

ಬುಡಕೊಳೆ ನನ್ನ ಹೊಲದಿಂದ ಪೂರ್ತಿ ಹೋಗಿಲ್ಲ, ಆದರೆ ಸಾಲಿಗೆ ಸಾಲೇ ಬರಿದಾಗುವುದು ನಿಂತಿದೆ. ಎಲೆಚುಕ್ಕೆ ರೋಗಕ್ಕೆ ಈ ವಿಧಾನವನ್ನು ನೆಚ್ಚಬಾರದು, ಅದಕ್ಕೆ ಬೇರೆಯೇ ಕ್ರಮ ಬೇಕು. ಬಾಡಿದ ಗಿಡ ಕಂಡಲ್ಲಿ ಇಂದಿಗೂ ಬುಡದ ಮಣ್ಣಿನ ಸಮೇತ ಅಗೆದು, ಗುಂಡುಗಳು ಉದುರದಂತೆ ಚೀಲಕ್ಕೆ ಹಾಕಿ ಹೊಲದಿಂದ ಹೊರಗೊಯ್ದು ಸುಡುತ್ತೇನೆ.