ಕೋಲಾರದ ಉಪ್ಪು ನೀರಲ್ಲಿ ಕೂಲರ್, ಗೀಸರ್, ಸೋಲಾರ್ ಬಾಳಿಕೆ ಬರ್ಬೇಕು ಅಂದ್ರೆ

ನಮ್ಮಕ್ಕನ್ನ ಕೊಟ್ಟಿರೋದು ಸುರತ್ಕಲ್ಲಿಗೆ. ಎರಡು ವರ್ಷದ ಹಿಂದೆ ಏಪ್ರಿಲಲ್ಲಿ ಸೆಕೆ ತಡೆಯೋಕಾಗ್ತಿಲ್ಲ ಕಣೋ ಅಂದ್ಲು, ಸರಿ ಅಂತ ಕೋಲಾರದಿಂದ ನಮ್ಮನೆ ಕೂಲರ್‌ನೇ ಬಸ್ಸಿಗೆ ಹಾಕ್ಕೊಂಡು ಹೋದೆ, ಎರಡೇ ದಿನಕ್ಕೆ ಹಾಸಿಗೆ ದಿಂಬು ಎಲ್ಲ ಜಿಬಿಜಿಬಿ, ಭಾವ ಏನೂ ಮಾತಾಡ್ದೆ ನನ್ನನ್ನೇ ನೋಡ್ತಾ ಕೂತಿದ್ರು. ಕೂಲರ್ ತಂಪು ಮಾಡೋದು ನೀರು ಆವಿ ಆದ್ರೆ ತಾನೆ, ಕಡಲ ಕಡೆ ಗಾಳೀಲಿ ಮೊದಲೇ ತೇವ ತುಂಬಿರತ್ತೆ, ಇನ್ನೆಲ್ಲಿ ಆವಿ ಆಗತ್ತೆ. ಅಲ್ಲಿಗೆ ಎಸಿನೇ ಸರಿ, ಅದಕ್ಕೂ ಹೊರಗಿನ ಯೂನಿಟ್ಟು ಉಪ್ಪು ಗಾಳಿಗೆ ತುಕ್ಕು ಹಿಡಿಯತ್ತೆ, ಆ ಯೂನಿಟ್ಟಿನ ತೆಳು ತಗಡಿನ ಪಟ್ಟಿಗಳಿಗೆ (ಫಿನ್) ಕೋಟಿಂಗ್ ಇರೋದು ನೋಡಿ ತಗೊಂಡು, ಮೇನ್ ಬೋರ್ಡಲ್ಲಿರೋ ಅದರ ಸ್ವಿಚ್ಚು (ಎಂಸಿಬಿ) ಆಫ್ ಮಾಡಿ ಆಗಾಗ ಸಿಹಿ ನೀರಲ್ಲಿ ಮೆಲ್ಲಗೆ ತೊಳೀತಾ ಇರ್ಬೇಕು.

ಅವರಿಗೆ ಉಪ್ಪು ಗಾಳೀಲಿ, ನಮಗೆ ನೀರಲ್ಲಿ. ಕೋಲಾರದ ಕಡೆ ತುಂಬ ಮನೆಗಳಿಗೆ ಸಾವಿರ ಅಡಿ ದಾಟಿದ ಬೋರ್ ನೀರೇ ಗತಿ, ನಮ್ಮಲ್ಲಿ ಮಷಿನ್ ಹಾಳಾಗೋದು ಬಿಸಿಲಿಗಲ್ಲ, ಈ ನೀರಿಗೆ. ಕುಡಿಯೋ ನೀರಲ್ಲಿ ಕರಗಿರೋ ಉಪ್ಪಿನಂಶ, ಅಂದ್ರೆ ಟಿಡಿಎಸ್, ಲೀಟರ್‌ಗೆ 500 ಮಿಲಿಗ್ರಾಂ ಒಳಗಿರ್ಬೇಕು ಅನ್ನತ್ತೆ ಸರ್ಕಾರದ ಮಾನದಂಡ ಸಂಸ್ಥೆ ಬಿಐಎಸ್, ಬೇರೆ ನೀರೇ ಇಲ್ದಿದ್ರೆ 2000ದವರೆಗೂ ಒಪ್ಪತ್ತೆ, ನಮ್ಮನೆ ಬೋರ್ ನೀರಿಗೆ ಮೀಟರ್ ಹಾಕಿದ್ರೆ 1100 ತೋರಿಸ್ತು.

ಕೂಲರ್ ವಿಷಯ ಮೊದಲು, ಯಾಕಂದ್ರೆ ಮಾರ್ಚಿಂದ ಮೇವರೆಗೂ ನಮ್ಮ ಒಣ ಹವೆಗೆ ಅದೇ ಚೆನ್ನ. ನೀರು ಆವಿಯಾಗಿ ಹೋಗತ್ತೆ ಉಪ್ಪು ಟ್ಯಾಂಕಲ್ಲೇ ಉಳಿಯತ್ತೆ, ಕಡಿಮೆ ಆದಾಗೆಲ್ಲ ಮೇಲೆ ಮೇಲೆ ನೀರು ಸುರೀತಾ ಹೋದ್ರೆ ಹದಿನೈದು ದಿನಕ್ಕೆ ಸಾಂಬಾರಿಗೆ ಹಾಕೋ ಅಷ್ಟು ಉಪ್ಪಾಗಿರತ್ತೆ. ಅದಕ್ಕೆ ಮೂರ್ನಾಲ್ಕು ದಿನಕ್ಕೊಂದ್ಸಲ ಕೆಳಗಿನ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಒಳಗೋಡೆ ಬಟ್ಟೇಲಿ ಉಜ್ಜಿ. ಡೆಂಗ್ಯೂ ಸೊಳ್ಳೆ ಮೊಟ್ಟೆ ಅಂಟಿರೋದು ಆ ಗೋಡೆಗೇ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ಬರೀ ನೀರು ಚೆಲ್ಲಿದ್ರೆ ಆಗಲ್ಲ. ಆರ್‌ಓ ಮಷಿನ್ನಿಂದ ಹೊರಗೆ ಬರೋ ವೇಸ್ಟ್ ನೀರನ್ನ ಮಾತ್ರ ಕೂಲರ್‌ಗೆ ಹಾಕ್ಬೇಡಿ. ಉಳಿತಾಯ ಅಂತ ನಾನು ಹಾಕಿದ್ದೆ, ಅದರಲ್ಲಿ ಬೋರ್ ನೀರಿಗಿಂತ ಜಾಸ್ತಿ ಉಪ್ಪಿರತ್ತೆ, ಒಂದೇ ತಿಂಗಳಲ್ಲಿ ಪ್ಯಾಡ್ ಚಪ್ಪಡಿ ಕಲ್ಲು. ಮಳೆ ನೀರು ಸಂಪಲ್ಲಿ ಹಿಡಿದಿಟ್ಟಿದ್ರೆ ಅದಕ್ಕಿಂತ ಒಳ್ಳೇದಿಲ್ಲ.

ಪ್ಯಾಡ್ ಮೇಲೆ ಬಿಳಿ ಸುಣ್ಣ ಕಟ್ಟಿದ್ರೆ ಒಂದು ಬಕೆಟ್ ನೀರಿಗೆ ಮೂರ್ನಾಲ್ಕು ಚಮಚ ಸಿಟ್ರಿಕ್ ಆಸಿಡ್ ಪುಡಿ ಕದಡಿ ಟ್ಯಾಂಕಿಗೆ ಹಾಕಿ, ಫ್ಯಾನ್ ಆಫ್ ಮಾಡಿ ಬರೀ ಪಂಪ್ ಅರ್ಧ ಗಂಟೆ ಓಡಿಸಿ, ಚೆಲ್ಲಿ, ಒಳ್ಳೆ ನೀರಲ್ಲಿ ಇನ್ನೊಂದ್ಸಲ ಓಡಿಸಿ. ಬ್ಲೀಚಿಂಗ್ ಪೌಡರ್ ಜೊತೆ ಸೇರಿಸೋಕೆ ಹೋಗ್ಬೇಡಿ, ವಿಷದ ಗಾಳಿ ಬರತ್ತೆ. ಜೇನುಗೂಡು ಪ್ಯಾಡನ್ನ ಬ್ರಶ್ ಹಾಕಿ ಉಜ್ಜಿದ್ರೆ ಪೇಪರ್ ತರ ಕಿತ್ತು ಬರತ್ತೆ, ಹುಲ್ಲಿನ ಪ್ಯಾಡ್ ಆದ್ರೆ ಪ್ರತಿ ಸೀಸನ್ನಿಗೂ ಬದಲಾಯಿಸಿ ಮುಗೀತು. ಕೂಲರ್ ಕಿಟಕಿ ಹತ್ರ ಇಡಿ, ಎದುರಿನ ಕಿಟಕಿ ಸ್ವಲ್ಪ ತೆಗೆದಿರ್ಲಿ, ಬಾಗ್ಲು ಕಿಟಕಿ ಎಲ್ಲ ಮುಚ್ಕೊಂಡು ಕೂತ್ರೆ ಒಳಗೇ ಸುರತ್ಕಲ್ ಆಗೋಗತ್ತೆ. ನೀರು ತುಂಬಿಸೋ ಮುಂಚೆ ಪ್ಲಗ್ ಕೀಳಿ, ಅರ್ಥಿಂಗ್ ಸರಿ ಇದ್ಯಾ ನೋಡಿಸಿ.

ಗೀಸರ್. ಡಿಸೆಂಬರ್ ಜನವರೀಲಿ ಬೆಳಗ್ಗೆ ಚಳಿಗೆ ಎಲ್ಲರೂ ನಾಬ್ ಪೂರ್ತಿ ತಿರುಗಿಸಿ ಇಡ್ತಾರೆ, ನೀರು ಹೆಚ್ಚು ಬಿಸಿ ಆದಷ್ಟೂ ಸುಣ್ಣ ಜಾಸ್ತಿ ಕಟ್ಟೋದು, 50-55 ಡಿಗ್ರಿ ಸಾಕು. ಕಾಯೋವಾಗ ಗೊಳಗೊಳ ಪಟಪಟ ಅಂತ ಸದ್ದು ಬಂದ್ರೆ ಕಾಯಿಲ್‌ಗೆ ಪೊರೆ ಬಂದಿದೆ ಅಂತ ಅರ್ಥ. ಒಳಗೆ ಮೆಗ್ನೀಷಿಯಂ ರಾಡ್ ಒಂದಿರತ್ತೆ, ಟ್ಯಾಂಕ್ ಬದಲು ಅದು ಕರಗ್ಲಿ ಅಂತ, ವರ್ಷಕ್ಕೊಂದ್ಸಲ ತೆಗೆಸಿ ನೋಡಿ, ಕಡ್ಡಿ ತರ ಸಣ್ಣ ಆಗಿದ್ರೆ ಹೊಸದು ಹಾಕ್ಸಿ, ಇದನ್ನ ಬಿಟ್ಟವರ ಟ್ಯಾಂಕೇ ತೂತಾಗೋದು. ಗ್ಯಾಸ್ ಗೀಸರ್ ಇದ್ರೆ ದಯವಿಟ್ಟು ಬಚ್ಚಲ ಹೊರಗಡೆ ಹಾಕ್ಸಿ, ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಂಡ್ರೆ ವಾಸನೆನೂ ಬರಲ್ಲ, ಸ್ನಾನಕ್ಕೆ ಹೋದವರು ಎದ್ದು ಬರಲ್ಲ.

ನೀರು ಕಾಯಿಸೋ ಸೋಲಾರ್ ಹೊಸದಾಗಿ ಹಾಕ್ಸೋರು ಕೇಳಿಸ್ಕೊಳ್ಳಿ. ತಾಮ್ರದ ಸಣ್ಣ ಪೈಪಿರೋ ಫ್ಲಾಟ್ ಪ್ಲೇಟಿಗೆ ನೇರವಾಗಿ ನಮ್ಮ ಬೋರ್ ನೀರು ಬಿಟ್ರೆ ಪೈಪ್ ಕಟ್ಕೊಳತ್ತೆ, ಹೀಟ್ ಎಕ್ಸ್‌ಚೇಂಜರ್ ಇರೋದು ಕೇಳಿ, ಅದರಲ್ಲಿ ಬೋರ್ ನೀರು ಆ ಪೈಪಿಗೆ ಹೋಗಲ್ಲ, ಬಿಸಿ ಮಾತ್ರ ದಾಟತ್ತೆ, ಕಾಸು ಜಾಸ್ತಿ ಆದ್ರೂ ಪರವಾಗಿಲ್ಲ. ಗಾಜಿನ ಟ್ಯೂಬ್ ಮಾಡೆಲ್ ಅಗಲ ಇರೋದ್ರಿಂದ ಅಷ್ಟು ಬೇಗ ಕಟ್ಟಲ್ಲ, ಆದ್ರೆ ತಳದಲ್ಲಿ ಬಿಳಿ ಗಸಿ ಕೂರತ್ತೆ, ವರ್ಷಕ್ಕೊಂದ್ಸಲ ಕ್ಲೀನ್ ಮಾಡಿಸ್ಬೇಕು. ಅದನ್ನ ಬಿಸಿಲೇರೋ ಮುಂಚೆ ಬೆಳಗ್ಗೆನೇ ಮಾಡ್ಸಿ, ಮಧ್ಯಾಹ್ನ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ರೆ ಚಟ್ ಅಂತ ಸೀಳತ್ತೆ. ಅಂತರಗಂಗೆ ಬೆಟ್ಟದ ಕಡೆ ಮನೆ ಇದ್ರೆ ಕೋತಿಗಳಿಗೂ ಒಂದು ಜಾಲರಿ ಖರ್ಚು ಸೇರಿಸ್ಕೊಳ್ಳಿ.

ಎಸಿ ತಗೊಳ್ಳೋ ಮುಂಚೆ ತಾರಸಿ ನೋಡಿ. ಕಲ್ಲು ಚಪ್ಪಡಿ ಮನೆ ಆಗ್ಲಿ ಆರ್‌ಸಿಸಿ ಆಗ್ಲಿ ಹಗಲೆಲ್ಲ ಕಾದು ರಾತ್ರಿ ಬಿಡೋದು ನಮ್ಮ ತಲೆ ಮೇಲೇ, ಫೆಬ್ರವರೀಲೇ ಮೇಲೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಕಾಸಿಲ್ಲ ಅಂದ್ರೆ ಸುಣ್ಣನೇ ಹೊಡೀರಿ. ಹಳೇ ಫ್ಯಾನ್ 75 ವ್ಯಾಟ್ ತಿನ್ನತ್ತೆ, ಕಡಿಮೆ ಕರೆಂಟಿನ ಮೋಟಾರಿರೋ ಬಿಎಲ್‌ಡಿಸಿ ಫ್ಯಾನಿಗೆ 30 ಆಸುಪಾಸು ಸಾಕು. ಅದಾದ್ಮೇಲೂ ಎಸಿ ಬೇಕು ಅಂದ್ರೆ 24 ಡಿಗ್ರೀಲಿ ಇಟ್ಟು ಮೇಲೆ ಫ್ಯಾನ್ ಹಾಕ್ಕೊಳ್ಳಿ, ಧೂಳಿನ ರೋಡಲ್ಲಿ ಮನೆ ಇದ್ರೆ ಹದಿನೈದು ದಿನಕ್ಕೊಂದ್ಸಲ ಫಿಲ್ಟರ್ ತೊಳೀರಿ. ಪೈಪಿಂದ ತೊಟ್ಟಿಕ್ಕೋ ನೀರಲ್ಲಿ ಉಪ್ಪೇ ಇರಲ್ಲ, ಬಕೆಟಲ್ಲಿ ಹಿಡಿದು ಕೂಲರ್‌ಗೆ ಹಾಕಿ, ನಮ್ಮಮ್ಮನ ರೂಮಿನ ಕೂಲರ್‌ಗೆ, ಅದೇ ಸುರತ್ಕಲ್ಲಿಂದ ವಾಪಸ್ ಬಂದಿದ್ದು, ನಾನು ಹಂಗೇ ಮಾಡ್ತೀನಿ. ಇನ್ನು ಸರ್ವೀಸಿಗೆ ಬಂದವ್ನು ಪ್ರತಿ ವರ್ಷ ಗ್ಯಾಸ್ ತುಂಬಿಸ್ಬೇಕು ಸಾರ್ ಅಂದ್ರೆ ಲೀಕ್ ಎಲ್ಲಿದೆ ತೋರ್ಸಪ್ಪ ಅನ್ನಿ, ಲೀಕ್ ಇಲ್ದೆ ಗ್ಯಾಸ್ ಎಲ್ಲಿಗೂ ಹೋಗಲ್ಲ.